ಹುಣಸೆ ಮಿಷನ್ ಸಂಘದಿಂದ ತಗೊಳ್ಳೋದಾ, ಬೇಡವಾ? ತಿಳಿದವರು ಹೇಳಿ

ಹುಣಸೆಪಿಕ್ಕ, ಮಧುಗಿರಿ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ನಮ್ಮೂರು ಮಧುಗಿರಿಯಿಂದ ಆಚೆಗೆ, ಆಂಧ್ರದ ಗಡಿ ಹತ್ತಿರ. ಮಾತಲ್ಲಿ ಅರ್ಧ ತೆಲುಗು ಬೆರೆತಿರುತ್ತೆ. ಹಣ್ಣಿನ ರೇಟು ಕೇಳಬೇಕಾದರೆ ತುಮಕೂರಿಗೆ ಒಂದು ಫೋನು, ಹಿಂದೂಪುರಕ್ಕೆ ಒಂದು ಫೋನು. ನಾನು ಇಲ್ಲಿನ ಸ್ತ್ರೀಶಕ್ತಿ ಸಂಘದಲ್ಲಿ ಲೆಕ್ಕ ಬರೆಯೋಳು. ಪಿಯುಸಿ ಓದಿದ್ದೀನಿ ಅನ್ನೋ ಒಂದೇ ತಪ್ಪಿಗೆ ಆರು ವರ್ಷದಿಂದ ಆ ಪುಸ್ತಕ ನನ್ನ ಕೊರಳಿಗೇ ಬಿದ್ದಿದೆ. ಸದಸ್ಯರು 16 ಜನ.

ಸಂಕ್ರಾಂತಿ ಕಳೆದು ಶಿವರಾತ್ರಿ ಹತ್ತಿರ ಬಂತು ಅಂದರೆ ನಮ್ಮಲ್ಲಿ ಹುಣಸೆ ಸುಗ್ಗಿ. ಮರ ಗುತ್ತಿಗೆ ಹಿಡಿದವರು ಗಂಡಸರನ್ನ ಹತ್ತಿಸಿ ಬಡಿಸ್ತಾರೆ, ಕೆಳಗೆ ಆಯೋದು ಹೆಂಗಸರು. ಆಮೇಲೆ ಮೂಟೆ ಮೂಟೆ ಹಣ್ಣು ನಮ್ಮ ಜಗಲಿಗೇ ಬಂದು ಬೀಳುತ್ತೆ. ಬಿಸಿಲಿಗೆ ಹರಡಿ, ಹೊಟ್ಟು ಒಡೆದು, ನಾರು ಎಳೆದು, ಬೀಜ ತೆಗೆದು ಮಂಡಿಯವರಿಗೆ ತೂಕ ಹಾಕಿ ಕೊಡಬೇಕು. ಕೂಲಿ ಕೆಜಿ ಲೆಕ್ಕ. ಹೋದ ವರ್ಷ ನಮ್ಮೂರಲ್ಲಿ ಬಿಡಿಸಿದ ಹಣ್ಣಿಗೆ ಕೆಜಿಗೆ 12 ರೂಪಾಯಿ ಕೊಟ್ಟರು. ನಮ್ಮಮ್ಮ ದಿನಕ್ಕೆ 15 ಕೆಜಿ ಬಿಡಿಸ್ತಾಳೆ, ಸಂಜೆಗೆ 180.

ಅಮ್ಮ ಬಿಡಿಸೋದನ್ನ ನೋಡಬೇಕು ನೀವು. ಎಡಗೈ ಹಣ್ಣನ್ನ ಕಲ್ಲಿನ ಮೇಲೆ ಒಂದು ಮಗ್ಗುಲಿಗೆ ಮಲಗಿಸುತ್ತೆ, ಬಲಗೈಯ ಕೊಡತಿ ಅದರ ಬೆನ್ನ ಮೇಲೆ ಬೀಳುತ್ತೆ. ಜೋರಾಗಿ ಅಲ್ಲ, ಮಗು ಮಲಗಿಸೋವಾಗ ತಟ್ಟೋ ಹಾಗೆ. ಹಣ್ಣು ಬಾಯಿ ಬಿಡುತ್ತೆ. ಹೆಬ್ಬೆರಳು ಒಳಗೆ ಹೋಗಿ ಹೊರಗೆ ಬರೋ ಅಷ್ಟರಲ್ಲಿ ಐದಾರು ಪಿಕ್ಕ, ಅಂದರೆ ಬೀಜ, ಮಡಿಲಿಗೆ ಉದುರಿರುತ್ತೆ. ಹಣ್ಣು ಮಾತ್ರ ಹರಿಯಲ್ಲ, ಉದ್ದಕ್ಕೆ ಹಾಗೇ ಇರುತ್ತೆ. ಅಂಥ ಹಣ್ಣಿಗೆ ಹಿಂದೂಪುರದಲ್ಲಿ ಕರಿಪುಲಿ ಅಂತಾರೆ, ಫ್ಲವರ್ ಅನ್ನೋ ಮಾಲಿಗಿಂತ ರೇಟು ಜಾಸ್ತಿ.

ಬೆರಳಿನ ಕಥೆ ಬೇರೆ. ಯುಗಾದಿ ಹೊತ್ತಿಗೆ ಉಗುರಿನ ಸಂದಿ ಕಪ್ಪಗಾಗಿ ಸೀಳು ಬಿಟ್ಟಿರುತ್ತೆ. ಹುಳಿ ಇಳಿಯೋದು ಆ ಸೀಳಿಗೇ. ರಾತ್ರಿ ಮುದ್ದೆ ಕಟ್ಟೋವಾಗ ಬಿಸಿ ತಾಗಿ ಅಮ್ಮ ಉಸ್ ಅನ್ನೋದು ಹಜಾರಕ್ಕೆ ಕೇಳಿಸುತ್ತೆ. ಹರಳೆಣ್ಣೆ ಹಚ್ಚಿ ಬಟ್ಟೆ ಸುತ್ತಿಕೊಂಡು ಮಲಗ್ತಾಳೆ, ಬೆಳಿಗ್ಗೆ ಬಿಚ್ಚಿ ಮತ್ತೆ ಕೂರ್ತಾಳೆ.

ಈಗ ವಿಷಯಕ್ಕೆ ಬರ್ತೀನಿ. ಮಂಡಿಯವರೊಬ್ಬರು ಬಂದು ಹೇಳಿದ್ರು: ಮಿಷನ್ ಬಂದಿದೆ, ಒಂದು ಹೊಟ್ಟು ಬಿಡಿಸುತ್ತೆ, ಇನ್ನೊಂದು ಬೀಜ ತೆಗೆಯುತ್ತೆ, ಎರಡೂ ಸೇರಿ ಮೂರು ಲಕ್ಷದ ಆಸುಪಾಸು, ಸಂಘದ ಹೆಸರಲ್ಲಿ ಸಬ್ಸಿಡಿ ಸಿಗುತ್ತೆ, ನೀವು ತಗೊಂಡರೆ ಹಣ್ಣೆಲ್ಲ ನಿಮಗೇ ಕೊಡ್ತೀನಿ. ಹೋಗೋವಾಗ ಚಪ್ಪಲಿ ಮೆಟ್ಕೊಂಡು ಇನ್ನೊಂದು ಮಾತು ಸೇರಿಸಿದ್ರು, "ನೀವು ತಗೊಳ್ದಿದ್ರೆ ನಾನೇ ತಗೋತೀನಮ್ಮ, ಎರಡು ವರ್ಷ ಕಾಯಲ್ಲ."

ಎರಡು ಮಿಷನ್ನಿಗೆ ನಾಲ್ಕು ಜನ ಸಾಕಂತೆ. ನಮ್ಮೂರಲ್ಲಿ ಸುಗ್ಗಿ ಮೂರು ತಿಂಗಳು ಹಣ್ಣು ಬಿಡಿಸೋರು ಇಪ್ಪತ್ತೈದು ಜನಕ್ಕೆ ಕಡಿಮೆ ಇಲ್ಲ. ಸಂಘದವರು ಅದರಲ್ಲಿ ಏಳೇ ಜನ. ಉಳಿದವರು ಯಾರು ಅಂದರೆ ಮಂಡಿ ನೋವಿನಿಂದ ಹೊಲಕ್ಕೆ ಹೋಗಲಾಗದ ಅಜ್ಜಿಯರು, ಹಸುಗೂಸು ಇರೋ ಬಾಣಂತಿಯರು, ಒಬ್ಬಳಿಗೆ ಒಂದು ಕಣ್ಣು ಕಾಣಲ್ಲ. ಕೂತ ಕಡೆ ಮಾಡೋ ಕೂಲಿ ಅಂತ ಇರೋದು ಇದೊಂದೇ.

ನಮ್ಮ ಅಜ್ಜಿ ರಾಗಿ ಬೀಸ್ತಿದ್ದ ಕಲ್ಲು ಈಗ ಬಚ್ಚಲ ಪಕ್ಕ ಬಿದ್ದಿದೆ, ಅದರ ಮೇಲೆ ನಾವು ಬಟ್ಟೆ ಸೋಪು ಇಡ್ತೀವಿ. ಊರಿಗೆ ಹಿಟ್ಟಿನ ಮಿಷನ್ ಬಂದಾಗ ಒಬ್ಬರಾದರೂ ಅತ್ತರಾ? ಕೋಳಿ ಕೂಗೋಕೆ ಮುಂಚೆ ಏಳೋದು ತಪ್ಪಿತು ಅಂತ ಅಜ್ಜಿ ಮಿಷನ್ನಿನವನಿಗೆ ಕಾಯಿ ಒಡೆದಳಂತೆ. ಹಾಗಾದರೆ ಈ ಮಿಷನ್ ಅಂದರೆ ನನಗೆ ಯಾಕೆ ಹೊಟ್ಟೆ ಕಿವುಚುತ್ತೆ?

ಇನ್ನೊಂದು ಹೇಳಿಬಿಡ್ತೀನಿ. ಇಷ್ಟು ವರ್ಷ ಹುಣಸೆ ಹಣ್ಣು ಮುಟ್ಟಿ ನೋಡದ ನಮ್ಮ ಯಜಮಾನರು ನಿನ್ನೆ ಊಟಕ್ಕೆ ಕೂತು, "ಮಿಷನ್ ಬಂದರೆ ನಾನು ನೋಡ್ಕೋತೀನಿ ಬಿಡು" ಅಂದರು.

ಕಣದಮನೆ, ಮುಳಬಾಗಿಲು

ತಗೊಳ್ಳಿ ಅಕ್ಕ, ಯೋಚನೆ ಮಾಡ್ತಾ ಕೂತರೆ ಪಕ್ಕದೂರಿನವರು ತಗೋತಾರೆ.

ನಮ್ಮ ಕಡೆ ರಾಗಿ ಕಥೆ ಕೇಳಿ. ನಾನು ಚಿಕ್ಕವನಿದ್ದಾಗ ಕಣ ಸಾರಿಸಿ, ಮೆದೆ ಕೆಡವಿ, ಒಕ್ಕೋ ಕಲ್ಲಿನ ಗುಂಡು ಹೊಡೆದು, ಅಮ್ಮ ಅತ್ತೆಯರೆಲ್ಲ ಮೊರ ಹಿಡಿದು ಗಾಳಿ ಬರೋ ಕಡೆ ನಿಂತು ತೂರೋರು. ಆಮೇಲೆ ಟಾರ್ ರೋಡಿಗೆ ಹಾಕೋದು ಶುರುವಾಯ್ತು. ಬಸ್ಸು ಲಾರಿ ಓಡಾಡಿ ಒಕ್ಕೋದು, ಬೈಕಿನವರು ಜಾರಿ ಬೀಳೋದು. ಈಗ ದೊಡ್ಡ ಮಿಷನ್ ಬರುತ್ತೆ, ಕೊಯ್ಯೋದೂ ಒಕ್ಕೋದೂ ಒಂದೇ ಸಲಕ್ಕೆ, ಟೀ ಕುಡಿದು ಬರೋದರಲ್ಲಿ ಎಕರೆ ಖಾಲಿ. ಹುಲ್ಲು ಮಾತ್ರ ಹಾಳು. ತುಂಡು ತುಂಡಾಗಿ ಹೊಲದಲ್ಲೇ ಬಿದ್ದಿರುತ್ತೆ, ಅದನ್ನ ಬಳಿದು ತಂದರೂ ಹಸು ಮೂಸಲ್ಲ. ಅದಕ್ಕೇ ಮನೇಲಿ ಹಸು ಇರೋರು ಇವತ್ತಿಗೂ ಕುಡುಗೋಲಿನಲ್ಲೇ ಕೊಯ್ಯಿಸಿ ಮಿಷನ್ನಿಗೆ ಕೊಡೋದು. ನಾನೂ ಹಾಗೇ ಮಾಡೋದು.

ಆದರೆ ಕೊಯ್ಯೋಕೆ ಜನ ಎಲ್ಲಿದ್ದಾರೆ? ವಯಸ್ಸಿನ ಹೆಣ್ಣುಮಕ್ಕಳೆಲ್ಲ ಬೆಳಿಗ್ಗೆ ಬಸ್ಸು ಹತ್ತಿ ನರಸಾಪುರದ ಫ್ಯಾಕ್ಟ್ರಿಗಳಿಗೆ ಹೋಗ್ತಾರೆ. ಉಳಿದವರು ಟೊಮೇಟೊ ಬಿಡಿಸೋಕೆ. ಅಲ್ಲೂ ಮಲ್ಚಿಂಗ್ ಪೇಪರ್ ಹಾಕಿದ ಮೇಲೆ ಕಳೆ ಕೀಳೋ ಕೆಲಸ ಕಮ್ಮಿ ಆಯ್ತು. ಯಾರಾದರೂ ಬೀದಿಗೆ ಬಿದ್ದರಾ? ಇಲ್ಲ. ಕೆಲಸ ಹೋಗುತ್ತೆ ಅನ್ನೋದು ಸುಮ್ಮನೆ ಮಾತು.

ಹುಣಸೆಪಿಕ್ಕ

ಅಣ್ಣಾ, ನರಸಾಪುರ ನಿಮಗೆ ಹತ್ತಿರ. ನಮ್ಮೂರಿಗೆ ಬಸ್ಸು ಬೆಳಿಗ್ಗೆ ಒಂದು, ಸಂಜೆ ಒಂದು. ಶಕ್ತಿ ಯೋಜನೇಲಿ ಟಿಕೆಟ್ ಪುಕ್ಕಟೆ ಆಗಿದೆ ಸರಿ, ಬಸ್ಸೇ ಬರದಿದ್ದರೆ ಪುಕ್ಕಟೆ ಟಿಕೆಟ್ ತಗೊಂಡು ಏನು ಮಾಡೋದು? 62 ವರ್ಷದ ನಮ್ಮಮ್ಮನ್ನ ಯಾವ ಫ್ಯಾಕ್ಟ್ರಿ ಕರೆಯುತ್ತೆ?

ಕಳೆ ಕೀಳೋ ಕೆಲಸ ಹೋದಾಗ ಯಾರೂ ಬೀದಿಗೆ ಬೀಳಲಿಲ್ಲ ಅಂದ್ರಿ. ನಮ್ಮಲ್ಲಿ ಕಳೆಗೆ ಔಷಧಿ ಹೊಡೆಯೋದು ಬಂತು. ಮುಂಚೆ ಹತ್ತು ಹೆಂಗಸರು ಎರಡು ದಿನ ಬಗ್ಗಿ ಕೀಳ್ತಿದ್ದ ಕಳೆಗೆ ಈಗ ಬೆನ್ನಿಗೆ ಡ್ರಮ್ ಕಟ್ಕೊಂಡ ಒಬ್ಬ ಗಂಡಸು ಅರ್ಧ ದಿನ. ಅವರು ಬೀದಿಗೆ ಬೀಳಲಿಲ್ಲ, ಮನೇಲಿ ಕೂತರು. ಮನೇಲಿ ಕೂತವರು ನಿಮ್ಮ ಕಣ್ಣಿಗೆ ಬೀಳಲ್ಲ ಅಷ್ಟೇ.

ಬೈದೆ ಅಂದ್ಕೋಬೇಡಿ. ಹುಲ್ಲಿನ ಮಾತು ಚೆನ್ನಾಗಿದೆ, ಅದನ್ನ ಬರ್ಕೊಂಡೆ.

ನೂಲಿನಮಗಳು, ಶಿಡ್ಲಘಟ್ಟ

ನಿಮ್ಮಮ್ಮನ ಬೆರಳು ಓದಿ ನಮ್ಮಮ್ಮನ ಬೆರಳು ಕಣ್ಣ ಮುಂದೆ ಬಂತು.

ನಮ್ಮೂರಿನ ರೇಷ್ಮೆ ಗೂಡಿನ ಮಾರ್ಕೆಟ್ಟು ಎಲ್ಲರಿಗೂ ಗೊತ್ತು, ಗೂಡು ಆಮೇಲೆ ಎಲ್ಲಿಗೆ ಹೋಗುತ್ತೆ ಅನ್ನೋದು ಎಲ್ಲರಿಗೂ ಗೊತ್ತಿಲ್ಲ. ಅಮ್ಮ ಇಪ್ಪತ್ತೆರಡು ವರ್ಷ ಫಿಲೇಚರಲ್ಲಿ, ಅಂದರೆ ಗೂಡಿಂದ ನೂಲು ತೆಗೆಯೋ ಕಡೆ, ಕೂತಳು. ಕುದಿಯೋ ನೀರಲ್ಲಿ ಬೆಂದ ಗೂಡು ಬೇಸಿನ್ನಿಗೆ ಬರುತ್ತೆ, ಆ ಬಿಸಿನೀರಿಗೇ ಕೈ ಹಾಕಿ ಎಳೆ ಹುಡುಕಬೇಕು. ಎಳೆ ಅಂದರೆ ಕೂದಲಿಗಿಂತ ಸಣ್ಣ. ಬೆರಳ ತುದಿಯ ಚರ್ಮ ಬೆಳ್ಳಗೆ ನೆನೆದು ಮೆತ್ತಗಾಗಿರೋದು, ಹೆಬ್ಬೆಟ್ಟು ಒತ್ತಿದರೆ ಗುರುತು ಮೂಡ್ತಿರಲಿಲ್ಲ. ರೇಷನ್ ಅಂಗಡೀಲಿ ಮಿಷನ್ ಅವಳ ಬೆರಳು ತಗೊಳ್ತಾನೇ ಇರಲಿಲ್ಲ, ಮೂರು ಸಲ ನಾಲ್ಕು ಸಲ ಒರೆಸಿ ಒರೆಸಿ ಒತ್ತೋಳು. ಹುಳುವಿನ ವಾಸನೆ ಸೀರೆಗಲ್ಲ, ಕೂದಲಿಗೇ ಹತ್ತಿತ್ತು.

ನೂಲು ತೆಗೆಯೋದಕ್ಕೆ ಒಂದಾದ ಮೇಲೊಂದು ಚರಕ, ಕಾಟೇಜ್ ಬೇಸಿನ್, ಮಲ್ಟಿಎಂಡ್ ಮಿಷನ್ ಆಗಿ ಈಗ ಆಟೋಮ್ಯಾಟಿಕ್ ಬಂದಿದೆ. ಅದರಲ್ಲಿ ಎಳೆ ಹುಡುಕೋದು ಮಿಷನ್ನೇ. ಕೈ ಬಿಸಿನೀರಿಗೆ ಹಾಕೋದು ತಪ್ಪಿತು. ಹಳೇ ಬೇಸಿನ್ನನ್ನ ಹೊಗಳೋರನ್ನ ಕಂಡರೆ ನನಗೆ ಆಗಲ್ಲ, ಅದರ ಮುಂದೆ ಅವರು ಒಂದು ದಿನ ಕೂರಲಿ. ಮಿಷನ್ ಬಂದದ್ದು ಒಳ್ಳೇದೇ. ಆದರೆ ಬಂದ ಮೇಲೆ ಅಮ್ಮನ್ನ ಕರೆಯಲಿಲ್ಲ. ಹೊಸದಕ್ಕೆ ಓದು ಬರೋ ಹುಡುಗರು ಬೇಕು ಅಂದರು. ಅಮ್ಮನಿಗೆ ಬೆರಳೂ ಉಳಿಯಲಿಲ್ಲ, ಕೂಲಿಯೂ ಉಳಿಯಲಿಲ್ಲ.

ನಾನು ಒಂದು ಕೇಳಲಾ? ನಿಮಗೆ ಕೂಲಿ ಕೊಡೋದು ಬಿಡಿಸಿದ ಹಣ್ಣಿನ ತೂಕಕ್ಕೆ ತಾನೇ. ಹರಡೋದು, ಹೊಟ್ಟು ಒಡೆಯೋದು, ಗುಡಿಸೋದು, ಇದಕ್ಕೆಲ್ಲ ಯಾರು ಕೊಡ್ತಾರೆ? ಒಂದು ದಿನ ಗಡಿಯಾರ ಇಟ್ಕೊಂಡು ನೋಡಿ, ಅಮ್ಮ ಎಷ್ಟು ಹೊತ್ತು ಕೂಲಿ ಬರೋ ಕೆಲಸ ಮಾಡ್ತಾರೆ, ಎಷ್ಟು ಹೊತ್ತು ಬಿಟ್ಟಿ ಕೆಲಸ ಮಾಡ್ತಾರೆ ಅಂತ.

ಹುಣಸೆಪಿಕ್ಕ

ಅಕ್ಕಾ, ನಿಮ್ಮ ಪ್ರಶ್ನೆ ಓದಿ ಇವತ್ತು ಅಮ್ಮನ ಪಕ್ಕ ಮೊಬೈಲು ಇಟ್ಕೊಂಡು ಕೂತೆ. ಹಳೇ ಹಣ್ಣು ಒಂದು ಮೂಟೆ ಉಳಿದಿತ್ತು. ಬೆಳಿಗ್ಗೆ ಎಂಟರಿಂದ ಹತ್ತೂವರೆವರೆಗೂ ಹೊಟ್ಟು ಒಡೆದು ಕೇರಿದ್ದೇ ಆಯ್ತು. ಆ ಎರಡೂವರೆ ಗಂಟೆಗೆ ಒಂದು ಪೈಸೆ ಇಲ್ಲ! ಇಷ್ಟು ವರ್ಷ ಲೆಕ್ಕ ಬರೆದ ನನಗೇ ಇದು ಹೊಳೆದಿರಲಿಲ್ಲ. ಅಮ್ಮನಿಗೆ ಹೇಳಿದರೆ, "ಹೊಟ್ಟು ಬಿಡಿಸದೆ ಬೀಜ ಹೆಂಗೆ ತೆಗೀತಾರೆ, ದಡ್ಡಿ" ಅಂದಳು.

ನಿವೃತ್ತ ಮೇಷ್ಟ್ರು, ತುಮಕೂರು

ಶಿಡ್ಲಘಟ್ಟದ ತಾಯಿ ಕೇಳಿದ ಪ್ರಶ್ನೆಗೆ ನಾನು ತರಗತಿಯಲ್ಲಿ ಮೂರು ಪೀರಿಯಡ್ ತೆಗೆದುಕೊಳ್ಳುತ್ತಿದ್ದೆ. ಅವರು ನಾಲ್ಕು ಸಾಲಿನಲ್ಲಿ ಮುಗಿಸಿದ್ದಾರೆ.

ಅಜ್ಜಿಯ ಬೀಸೋ ಕಲ್ಲಿಗೆ ಕೂಲಿ ಇರಲಿಲ್ಲ. ಅದಕ್ಕೇ ಮಿಲ್ಲು ಬಂದಾಗ ಕಾಯಿ ಒಡೆದರು. ಅಮ್ಮನ ಕೊಡತಿಗೆ ಕೂಲಿ ಇದೆ, ಅದಕ್ಕೇ ನಿಮಗೆ ಹೊಟ್ಟೆ ಕಿವುಚುತ್ತಿದೆ. ಬಾಂಗ್ಲಾದೇಶದಲ್ಲಿ ಇವೆರಡೂ ಒಂದೇ ಯಂತ್ರದಿಂದ ಆದವು. ಅಲ್ಲಿ ಭತ್ತ ಕುಟ್ಟುವುದು ಢೇಕಿಯಲ್ಲಿ, ಅಂದರೆ ಕಾಲಿನಿಂದ ಮೆಟ್ಟುವ ಏತದಂಥ ಒನಕೆ. ಹೊಲ ಇದ್ದವರ ಮನೆಗೆ ಹೋಗಿ ಭತ್ತ ಕುಟ್ಟಿಕೊಟ್ಟು ಅಕ್ಕಿಯನ್ನೇ ಕೂಲಿಯಾಗಿ ತರುವುದು ಭೂಮಿ ಇಲ್ಲದ ಹೆಂಗಸರ ಬದುಕಾಗಿತ್ತು. 1970ರ ದಶಕದಿಂದ ಹಳ್ಳಿಹಳ್ಳಿಗೆ ಅಕ್ಕಿ ಗಿರಣಿ ಬಂತು. ಹೊಲ ಇದ್ದ ಮನೆಯೊಡತಿಗೆ ಬಿಡುವು ಸಿಕ್ಕಿತು, ಕುಟ್ಟುತ್ತಿದ್ದವಳಿಗೆ ಕೂಲಿ ಹೋಯಿತು, ಗಿರಣಿಯಲ್ಲಿ ಕೆಲಸ ಸಿಕ್ಕಿದ್ದು ಹೆಚ್ಚಾಗಿ ಗಂಡಸರಿಗೆ. ಜಾವಾದಲ್ಲೂ ಹೆಚ್ಚುಕಡಿಮೆ ಅದೇ ಕಾಲ. ಅಲ್ಲಿ ಹೆಂಗಸರು ಅಂಗೈಯೊಳಗೆ ಅಡಗುವ ಅನಿ-ಅನಿ ಎಂಬ ಪುಟ್ಟ ಕತ್ತಿಯಿಂದ ತೆನೆ ತೆನೆಯಾಗಿ ಕೊಯ್ಯುತ್ತಿದ್ದರು. ಆ ಜಾಗಕ್ಕೆ ಕುಡುಗೋಲು ಬಂತು, ಕುಡುಗೋಲಿನ ಜೊತೆ ಗುತ್ತಿಗೆಯ ಗಂಡಸರ ತಂಡ ಬಂತು. ಕುಡುಗೋಲನ್ನು ಯಂತ್ರ ಎಂದು ಯಾರಾದರೂ ಕರೆಯುತ್ತಾರೆಯೇ!

ದೂರದ್ದು ಸಾಕು. ನಾನು ಕುಣಿಗಲ್ ಕಡೆಯವನು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ಹಳ್ಳಿಗಳಿಗಾಗಿ ಅಸ್ತ್ರ ಎಂಬ ವಿಭಾಗ ಕಟ್ಟಿದರು, ಅದರ ಕೇಂದ್ರ ನಮ್ಮ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿತ್ತು. ಅಸ್ತ್ರ ಒಲೆ ಅಲ್ಲಿಂದ ಬಂದದ್ದು: ಮೂರು ಪಾತ್ರೆ ಕೂರುವ, ಹೊಗೆ ಕೊಳವೆಯಲ್ಲಿ ಮೇಲೆ ಹೋಗುವ ಒಲೆ. ನಮ್ಮ ಮನೆಯಲ್ಲೂ ಕಟ್ಟಿಸಿದೆವು. ನಮ್ಮೂರ ಗಾರೆಯವನು ಅಳತೆಯ ಚೀಟಿ ನೋಡದೆ ಕಣ್ಣಂದಾಜಿನಲ್ಲಿ ಕಟ್ಟಿ, ಮೂರನೆಯ ಕಣ್ಣಿಗೆ ಬಿಸಿಯೇ ಹೋಗುತ್ತಿರಲಿಲ್ಲ. ತಾಯಿ ಅದರ ಮೇಲೆ ಬೆಕ್ಕಿಗೆ ಹಾಲಿನ ಬಟ್ಟಲು ಇಡುತ್ತಿದ್ದರು. ಆದರೂ ಹೊಗೆ ಹೋಯಿತು, ಕೆಮ್ಮು ಕಮ್ಮಿಯಾಯಿತು.

ಅದೇ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ಊರಿಗೆಲ್ಲ ಸೇರಿ ಒಂದು ಗೋಬರ್ ಗ್ಯಾಸ್ ಘಟಕ ಮಾಡಿದರು. ಮೊದಲ ಯೋಚನೆ ಮನೆಮನೆಗೆ ಅಡುಗೆ ಗ್ಯಾಸ್ ಕೊಡುವುದು. ಊರಿನ ಸಗಣಿ ಅಷ್ಟಕ್ಕೆ ಸಾಲಲಿಲ್ಲ. ಇರುವ ಗ್ಯಾಸಿನಲ್ಲಿ ಎಂಜಿನ್ ಓಡಿಸಿ, 1987ರ ಹೊತ್ತಿಗೆ ಮನೆಗೆ ದೀಪ, ಬೀದಿಗೆ ನಲ್ಲಿ ನೀರು ಕೊಟ್ಟರು. ನನಗೆ ಅದರಲ್ಲಿ ಇವತ್ತಿಗೂ ನೆನಪಿರುವುದು ಬೇರೆ. ಸಗಣಿ ತಂದುಕೊಟ್ಟವರಿಗೆ ತೂಕದ ಮೇಲೆ ಕಾಸು ಕೊಡುತ್ತಿದ್ದರು, ಗೊಬ್ಬರ ವಾಪಸ್ ಸಿಗುತ್ತಿತ್ತು. ತರುತ್ತಿದ್ದವರು ಹೆಚ್ಚಿನಂಶ ಹೆಂಗಸರು, ಮಕ್ಕಳು. ನೀರು ಹೊರುವ ಬಿಟ್ಟಿ ಕೆಲಸ ಇಳಿಯಿತು, ಸಗಣಿ ಹೊರುವ ಬಿಟ್ಟಿ ಕೆಲಸಕ್ಕೆ ಕೂಲಿ ಬಂತು.

2019ರಲ್ಲಿ ಸರ್ಕಾರ ಜನರ ದಿನದ ಸಮಯದ ಸಮೀಕ್ಷೆ ಮಾಡಿತು. ಮನೆಗೆಲಸ ಮಾಡುವವರನ್ನಷ್ಟೇ ತೆಗೆದುಕೊಂಡರೆ ಹೆಂಗಸರಿಗೆ ದಿನಕ್ಕೆ 299 ನಿಮಿಷ, ಗಂಡಸರಿಗೆ 97. ಹುಣಸೆ ಹೊಟ್ಟು ಒಡೆದ ಎರಡೂವರೆ ಗಂಟೆ ಈ 299ರ ಮೇಲೆ ಬಿದ್ದ ಹೊರೆ.

ಕೊನೆಯದಾಗಿ ನಿಮ್ಮ ಯಜಮಾನರ ವಿಷಯ. ಆಫ್ರಿಕಾದ ಮಾಲಿ ದೇಶದಲ್ಲಿ 1990ರ ದಶಕದಲ್ಲಿ ಹಳ್ಳಿಗಳಿಗೆ ಒಂದು ಡೀಸೆಲ್ ಎಂಜಿನ್ ಕೊಟ್ಟರು. ಅದಕ್ಕೇ ಹಿಟ್ಟಿನ ಗಿರಣಿ, ಹೊಟ್ಟು ಬಿಡಿಸುವುದು, ಬ್ಯಾಟರಿ ಚಾರ್ಜ್ ಮಾಡುವುದು ಎಲ್ಲ ಜೋಡಿಸಬಹುದು. ಕೇಳಿ ಅರ್ಜಿ ಹಾಕಬೇಕಾದವರು ಹೆಂಗಸರ ಸಂಘ, ಮಾಲೀಕರು ಸಂಘ, ಓಡಿಸಲು ಕಲಿಸಿದ್ದೂ ಸಂಘದ ಹೆಂಗಸರಿಗೆ. ಬಿಲ್ಲು ಯಾರ ಹೆಸರಿನಲ್ಲಿದೆ, ಶೆಡ್ಡಿನ ಬೀಗದ ಕೈ ಯಾರ ಸೊಂಟದಲ್ಲಿದೆ, ಇವೆರಡನ್ನು ಮೊದಲೇ ತೀರ್ಮಾನ ಮಾಡಿಕೊಳ್ಳಿ ತಾಯಿ.

ವೆಲ್ಡಿಂಗ್ ಶಾಪ್, ಶಿರಾ

ಮೇಷ್ಟ್ರು ದೊಡ್ಡದು ಹೇಳಿದ್ರು, ನಾನು ನಟ್ಟು ಬೋಲ್ಟಿನ ಮಾತು ಹೇಳ್ತೀನಿ. ಇಂಥ ಮಿಷನ್ ರಿಪೇರಿಗೆ ನಮ್ಮ ಅಂಗಡಿಗೆ ಬರುತ್ತೆ.

ಮೊದಲು ಕರೆಂಟು. ಬೀಜ ತೆಗೆಯೋದಕ್ಕೆ ತ್ರೀ ಫೇಸ್ ಕೇಳ್ತಾರೆ. ಪಂಪ್‌ಸೆಟ್ ಲೈನಲ್ಲಿ ದಿನಕ್ಕೆ ಏಳು ಗಂಟೆ ಅಂತಾರೆ, ಅದೂ ಎಷ್ಟೋ ಸಲ ರಾತ್ರಿ. ಹೊಟ್ಟು ಬಿಡಿಸೋದು ಚಿಕ್ಕ ಮೋಟಾರು, ಸಿಂಗಲ್ ಫೇಸಲ್ಲೇ ಓಡುತ್ತೆ.

ಹಣ್ಣು ತಾಗೋ ಕಡೆಯೆಲ್ಲ ಸ್ಟೀಲ್ ಇರಬೇಕು. ಮಾಮೂಲಿ ಕಬ್ಬಿಣ ಹಾಕಿ ಬಣ್ಣ ಹೊಡೆದು ಕೊಡ್ತಾರೆ. ಹುಳಿ ಒಂದೇ ಸುಗ್ಗೀಲಿ ಬಣ್ಣ ತಿಂದು ಕಬ್ಬಿಣಕ್ಕೆ ಬರುತ್ತೆ, ಹಣ್ಣು ಕಪ್ಪಾಗುತ್ತೆ. ಅಯಸ್ಕಾಂತ ಒಂದು ಜೇಬಲ್ಲಿ ಇಟ್ಕೊಂಡು ಹೋಗಿ, ಗಟ್ಟಿಯಾಗಿ ಅಂಟಿದರೆ ಕೇಳಿ ಯಾಕೆ ಅಂತ.

ಡೆಮೋ ಅಂದರೆ ಅವರ ಹಣ್ಣಲ್ಲಿ ಅವರು ಓಡಿಸಿ ತೋರಿಸೋದಲ್ಲ. ನಿಮ್ಮ ಹಣ್ಣು ಒಂದು ಕ್ವಿಂಟಾಲ್ ತಗೊಂಡು ಹೋಗಿ. 100 ಕೆಜಿ ಕಾಯಿಗೆ ತಿರುಳು 55, ಬೀಜ 34, ಹೊಟ್ಟು ನಾರು 11, ಇದು ಲೆಕ್ಕ. ತಿರುಳು 50 ಬಂದರೆ ಐದು ಕೆಜಿ ಎಲ್ಲೋ ಜಾಲರೀಲಿ ಅಂಟ್ಕೊಂಡಿದೆ. ಬೀಜ ಒಡೆದಿದ್ಯಾ ನೋಡಿ. ಬೀಜಕ್ಕೂ ರೇಟಿದೆ, ಬಟ್ಟೆ ಗಿರಣಿಗೆ ಗಂಜಿ ಪುಡಿ ಮಾಡೋಕೆ ತಗೋತಾರೆ. ಅಂದ ಹಾಗೆ ಈಗ ನಿಮ್ಮ ಬೀಜ ಯಾರು ತಗೊಂಡು ಹೋಗ್ತಾರೆ?

ಮತ್ತೆ ಬೆಲ್ಟಿಗೆ ಕವರ್. ಕವರ್ ಇಲ್ಲದ ಮಿಷನ್ ಪುಕ್ಕಟೆ ಕೊಟ್ಟರೂ ಬೇಡ. ಮಿಷನ್ ಮಾಡೋರು ಪ್ಯಾಂಟು ಹಾಕಿರ್ತಾರೆ, ಓಡಿಸೋರು ಸೆರಗು ಹೊದ್ದಿರ್ತಾರೆ. ಹಣ್ಣು ಸುರಿಯೋ ಬಾಯಿಯೂ ಐದಡಿ ಎತ್ತರದಲ್ಲಿ ಇಟ್ಟಿರ್ತಾರೆ. ಮಂಕರಿ ತಲೆ ಮೇಲೆ ಎತ್ತಿ ಸುರಿಯೋಕೆ ಆಗಲ್ಲ, ಭುಜ ಹೋಗುತ್ತೆ. ಕಾಲು ಒಂದಡಿ ಕಟ್ ಮಾಡಿಕೊಡಿ ಅಂತ ಕೇಳಿ. ಅವರು ಆಗಲ್ಲ ಅಂದರೆ ನನ್ನ ಹತ್ರ ತನ್ನಿ.

ಸಬ್ಸಿಡಿ ಅಂದ್ರಲ್ಲ, ಅದು ಪಿಎಂಎಫ್‌ಎಂಇ ಇರಬೇಕು, ಸಣ್ಣ ಆಹಾರ ಘಟಕಗಳಿಗೆ ಅಂತ ಇರೋ ಕೇಂದ್ರದ ಯೋಜನೆ. ಕೇಂದ್ರದ್ದು 35 ಪರ್ಸೆಂಟ್, ನಮ್ಮ ರಾಜ್ಯ 15 ಸೇರಿಸಿ 50. ಸಂಘದವರಿಗೆ ಬಂಡವಾಳಕ್ಕೆ ಅಂತ ಸದಸ್ಯರಿಗೆ 40,000ದವರೆಗೆ ಬೇರೆ ಇದೆ. ಮಿಷನ್ ಮಾರೋರು ಇದನ್ನ ಹೇಳಲ್ಲ, ಯಾಕಂದ್ರೆ ಇದರಲ್ಲಿ ನೀವು ಹಣ್ಣು ತಗೋಬಹುದು. ಅರ್ಜಿ ಈಗ ತಗೊಳ್ತಿದ್ದಾರಾ ಅಂತ ಕೃಷಿ ಇಲಾಖೆಯಲ್ಲಿ ಕೇಳಿ ನೋಡಿ.

ಹುಣಸೆಪಿಕ್ಕ

ಹದಿನೈದು ದಿನ ಬರೆಯೋಕೆ ಆಗಲಿಲ್ಲ, ಕ್ಷಮಿಸಿ.

ಬೀಜ ಯಾರು ತಗೊಂಡು ಹೋಗ್ತಾರೆ ಅಂದ್ರಲ್ಲ ಅಣ್ಣ, ಮಂಡಿಯವರೇ. ಹಣ್ಣು ಅವರದು, ಬೀಜವೂ ಅವರದೇ ಅಂತ ನಾವು ಇಷ್ಟು ದಿನ ಗುಡಿಸಿ ಚೀಲಕ್ಕೆ ತುಂಬಿ ಕೊಡ್ತಿದ್ವಿ. ಹತ್ತು ಪಿಕ್ಕ ಮಕ್ಕಳು ಚೌಕಾಬಾರಕ್ಕೆ ಎತ್ಕೊಂಡರೆ ಬೈತಿದ್ವಿ.

ನಾಲ್ಕು ಜನ ಹೋಗಿ ಒಂದು ಕ್ವಿಂಟಾಲ್ ಹಣ್ಣು ಓಡಿಸಿ ನೋಡಿದ್ವಿ. ಅಮ್ಮನ್ನೂ ಕರ್ಕೊಂಡು ಹೋಗಿದ್ದೆ. ಹೊಟ್ಟಿನ ಮಿಷನ್ ಚೆನ್ನಾಗಿದೆ, ಬಿಸಿಲಲ್ಲಿ ಚೆನ್ನಾಗಿ ಕಾದ ಹಣ್ಣು ಹಾಕಿದರೆ ಹೊಟ್ಟು ಹಾರುತ್ತೆ, ಹಣ್ಣು ಹಾಗೇ ಬರುತ್ತೆ. ಬೀಜದ ಮಿಷನ್ನಿಂದ ಬಂದದ್ದನ್ನ ಅಮ್ಮ ಕೈಯಲ್ಲಿ ಹಿಡಿದು ಎರಡು ನಿಮಿಷ ನೋಡಿದಳು. ಉಂಡೆ ಉಂಡೆ, ನಾರು ಒಳಗೇ ಸಿಕ್ಕಿಕೊಂಡಿತ್ತು. "ಇದನ್ನ ಹಸು ಹಾಕಿದ್ದಾ" ಅಂದಳು ಜೋರಾಗಿ. ಮಿಷನ್ನಿನವರ ಮುಖ ನೋಡೋಕೆ ನನಗೆ ನಾಚಿಕೆ ಆಯ್ತು. ಮಂಡಿಯವರಿಗೆ ತೋರಿಸಿದರೆ ಅವರೂ ಇದಕ್ಕೆ ಕರಿಪುಲಿ ರೇಟು ಬರಲ್ಲ ಅಂತ ಒಪ್ಕೊಂಡರು. ಹಾಗಾಗಿ ಹೊಟ್ಟಿನದು ಮಾತ್ರ ತಗೊಳ್ಳೋದು ಅಂತ ಸಂಘದಲ್ಲಿ ಆಗಿದೆ.

ಆಮೇಲೆ ಶುರುವಾಯ್ತು ನೋಡಿ ಅಸಲಿ ಜಗಳ. ಹೊಟ್ಟು ಬಿಡಿಸಿದ ಹಣ್ಣು ಕೊಟ್ಟರೆ ಅಮ್ಮ ದಿನಕ್ಕೆ 22 ಕೆಜಿ ಬಿಡಿಸಬಹುದು, ಎರಡು ದಿನ ನೋಡಿದ್ದೀನಿ. 12ರ ರೇಟಲ್ಲಿ 264. ಮಂಡಿಯವರು ಏನಂದ್ರು ಗೊತ್ತಾ, "ಹೊಟ್ಟು ಮಿಷನ್ ಬಿಡಿಸುತ್ತಲ್ಲಮ್ಮ, ಕೆಲಸ ಕಮ್ಮಿ ಆಯ್ತು, 9 ಕೊಡ್ತೀನಿ." 22ಕ್ಕೆ 9 ಅಂದರೆ 198. ಮಿಷನ್ನಿನ ಕರೆಂಟು ಸಾಲ ಅಂತ ಸಂಘ ಕೆಜಿಗೆ 1 ರೂಪಾಯಿ ಹಿಡ್ಕೊಂಡರೆ 176. ಮುಂಚೆ ಬರ್ತಿದ್ದದ್ದು 180! ಮಿಷನ್ ತಂದು, ಏಳು ಕೆಜಿ ಜಾಸ್ತಿ ಬಿಡಿಸಿ, ನಾಲ್ಕು ರೂಪಾಯಿ ಕಮ್ಮಿ.

ನಾನು ಸಭೇಲಿ ಈ ಲೆಕ್ಕನ ಬೋರ್ಡಿನ ಮೇಲೆ ಬರೆದೆ. ಇಷ್ಟು ದಿನ ಬಿಟ್ಟಿ ಮಾಡ್ತಿದ್ದ ಕೆಲಸಕ್ಕೆ ನೀವು ಯಾವತ್ತೂ ಕೂಲಿ ಕೊಡಲಿಲ್ಲ, ಈಗ ಆ ಕೆಲಸ ಹೋಯ್ತು ಅಂತ ಕೂಲಿ ಹೆಂಗೆ ಮುರೀತೀರಿ ಅಂತ ಕೇಳಿದೆ. ಅವರು ಯೋಚನೆ ಮಾಡ್ತೀನಿ ಅಂತ ಹೋದರು. ಸಂಘದವರಲ್ಲದ ಅಜ್ಜಿಯರೆಲ್ಲ ಬಾಗಿಲಲ್ಲಿ ನಿಂತು ಕೇಳ್ತಿದ್ದರು, ಅವರಿಗೂ ಅದೇ ರೇಟಲ್ಲಿ ಹೊಟ್ಟು ಬಿಡಿಸಿಕೊಡಬೇಕು ಅಂತ ಪುಸ್ತಕದಲ್ಲಿ ಬರೆಸಿದ್ದಾಯ್ತು. ಅದಕ್ಕೆ ಇಬ್ಬರು ಸದಸ್ಯರು ಮುನಿಸಿಕೊಂಡಿದ್ದಾರೆ. ಇರಲಿ.

ಸಾಲ ತಗೊಂಡು ನಾವೇ ಹಣ್ಣು ಕೊಳ್ಳೋದಕ್ಕೆ ಮಾತ್ರ ಯಾರಿಗೂ ಧೈರ್ಯ ಬರ್ತಿಲ್ಲ. ರೇಟು ಬಿದ್ದರೆ ಅನ್ನೋ ಭಯ. ಉಳಿತಾಯದ ದುಡ್ಡಲ್ಲೇ ನಮ್ಮೂರ ನಾಲ್ಕು ಮರ ಗುತ್ತಿಗೆ ಹಿಡಿದು ನೋಡೋಣ ಅಂದ್ಕೊಂಡಿದ್ದೀವಿ, ಅದರ ಬೀಜವಾದರೂ ನಮ್ಮದಾಗುತ್ತೆ. ಓಡಿಸೋಕೆ ಇಬ್ಬರು ಕಲೀತಾರೆ, ಇಬ್ಬರೂ ಹೆಂಗಸರೇ. ಬೀಗದ ಕೈ ನನ್ನ ಹತ್ರ ಇಲ್ಲ ಮೇಷ್ಟ್ರೇ, ಬೇಕಂತಲೇ ಇಟ್ಕೊಳ್ಳಲಿಲ್ಲ. ನನ್ನ ಹತ್ರ ಇದ್ದರೆ ಅದು ನಮ್ಮ ಯಜಮಾನರ ಹತ್ರ ಇದ್ದ ಹಾಗೆ. ಅವರು ಮೂರು ದಿನದಿಂದ ಸರಿಯಾಗಿ ಮಾತಾಡ್ತಿಲ್ಲ.

ಶಿರಾದ ಅಣ್ಣ, ನಿಮಗೆ ಒಂದು ಕೇಳೋದಿತ್ತು. ವಾಪಸ್ ಬರೋವಾಗ ಬಸ್ಸಲ್ಲಿ ಅಮ್ಮ ಹೇಳಿದಳು, "ಬೆರಳಿಗಾದರೆ ಎಣ್ಣೆ ಹಚ್ತೀನಿ ಕಣೆ, ನನಗೆ ನೋವು ಸೊಂಟ. ನೆಲದ ಮೇಲೆ ಕಾಲು ಚಾಚಿ ಬಗ್ಗಿ ಬಗ್ಗಿ ಕುಟ್ಟಬೇಕು. ಕಲ್ಲು ಮೇಲಕ್ಕೆ ಬರೋ ಹಾಗೆ ಏನಾದರೂ ಮಾಡ್ತಾರಾ ಕೇಳು." ಮೂರು ಲಕ್ಷದ ಮಾತಾಡೋ ಅಷ್ಟು ದಿನವೂ ನಾನು ಇದನ್ನ ಅವಳಿಗೆ ಕೇಳಿರಲಿಲ್ಲ. ಅಂಥದ್ದು ಏನಾದರೂ ಮಾಡೋಕೆ ಆಗುತ್ತಾ?

ವೆಲ್ಡಿಂಗ್ ಶಾಪ್, ಶಿರಾ

ಯಾಕಾಗಲ್ಲ. ಕೂರೋಕೆ ಗಿಡ್ಡ ಸ್ಟೂಲು, ಹಿಂದೆ ಒರಗು, ಮುಂದೆ ಕಲ್ಲು ಕೂರೋ ಸ್ಟ್ಯಾಂಡು. ಆಂಗಲ್ ಪಟ್ಟಿ ಹಳೇದು ಬಿದ್ದಿದೆ, ಜಾಸ್ತಿ ಖರ್ಚು ಬರಲ್ಲ.

ಫೋಟೋ ಬೇಡ, ಅಳತೆ ಕಳಿಸಿ. ಅಮ್ಮನ್ನ ಒಂದು ಗಟ್ಟಿ ಡಬ್ಬದ ಮೇಲೆ ಆರಾಮಾಗಿ ಕೂರಿಸಿ. ನೆಲದಿಂದ ಮಂಡಿಗೆ ಎಷ್ಟು, ನೆಲದಿಂದ ಮೊಣಕೈಗೆ ಎಷ್ಟು, ಕಲ್ಲಿನ ಉದ್ದ ಅಗಲ ದಪ್ಪ ಎಷ್ಟು. ಕೊಡತಿ ಹಿಡಿದು ನಾಲ್ಕು ಹಣ್ಣು ಕುಟ್ಟಿಸಿ ಆಮೇಲೆ ಮೊಣಕೈ ಅಳೀರಿ, ಸುಮ್ಮನೆ ಕೂತಾಗ ಅಳೆದರೆ ತಪ್ಪು ಬರುತ್ತೆ. ಮೊದಲು ಒಂದು ಮಾಡ್ತೀನಿ. ಅಮ್ಮ ಒಂದು ವಾರ ಕೂತು ಬೈದ ಮೇಲೆ ಉಳಿದದ್ದು.